ಚುಚ್ಚುವ ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರಿಗೂ ಬೇಜಾರಿಲ್ಲ. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದದ್ದು ಅದಕ್ಕೇ. ಅಣ್ಣ ಹಾಗೆ ಕರೆದರೆ ಬೆನ್ನಿಗೆ ಗುದ್ದುತ್ತಿದ್ದೆ. ಅಮ್ಮ ಕರೆದರೆ ಮಾತ್ರ ಒಳಗೊಳಗೇ ಖುಷಿ. ಈಗ ಕರೆಯುವವರು ಯಾರೂ ಇಲ್ಲ. ಅಣ್ಣ ದೊಡ್ಡ ಮನುಷ್ಯನಾಗಿ ಬೇರೆ ಊರಿನಲ್ಲಿದ್ದಾನೆ. ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ, ಆದರೆ ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.

ಅವಳ ಮರೆವು ಒಂದೇ ದಿನ ಬಂದದ್ದಲ್ಲ. ಮೊದಲು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು, ಆಮೇಲೆ ಒಲೆ ಆರಿಸುವುದನ್ನು ಮರೆತಳು, ಆಮೇಲೆ ನಮ್ಮ ಬೀದಿಯನ್ನೇ ಮರೆತಳು. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಟೀ ಲೋಟ ಹಿಡಿದು ಕೂತವಳು, "ನಿಮ್ಮ ಮನೆ ಎಲ್ಲಮ್ಮಾ?" ಎಂದು ನನ್ನನ್ನು ಕೇಳಿದಳು. ಮನೆಗೆ ಬಂದವರನ್ನು ಮಾತಾಡಿಸುವ ಮರ್ಯಾದೆಯಲ್ಲೇ ಕೇಳಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದರೂ ಒಂದು ಉಳಿದಿತ್ತು. ಹೆಸರು ಮರೆತಿದ್ದಳೇ ಹೊರತು ಕೈ ಮರೆತಿರಲಿಲ್ಲ. ನಾನು ಕೈ ಚಾಚಿದರೆ ಯಾರು ಏನು ಎಂದು ಕೇಳದೆ ಹಿಡಿಯುತ್ತಿದ್ದಳು. ಹಿಡಿದು, ಹೆಬ್ಬೆರಳಿನಿಂದ ನನ್ನ ಗೆಣ್ಣುಗಳನ್ನು ಒಂದೊಂದಾಗಿ ಸವರುತ್ತಿದ್ದಳು, ಗೊಂಚಲಿನಲ್ಲಿ ಬೇಕಾದ ಕೀ ಹುಡುಕುವವಳ ಹಾಗೆ. ಅಮ್ಮ ಕೆಲಸ ಮಾಡಿದ್ದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ವಾರ್ಡನ್ ಆಗಿ. ಆ ಕಾಲದ ಕೀ ಗೊಂಚಲು ಈಗಲೂ ಅವಳ ಚೀಲದಲ್ಲಿದೆ. ಅದರಲ್ಲಿರುವ ಒಂದು ಕೀಗೂ ಈಗ ಬೀಗವಿಲ್ಲ. ಕೈ ಹಿಡಿದು ಕೂತಿರುವಷ್ಟು ಹೊತ್ತು ನನಗೆ ಅಮ್ಮ ಇದ್ದಾಳೆ ಅನ್ನಿಸುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ನಾನು ಪರದೆ, ಸೋಫಾ ಕವರ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಮ್ಮನನ್ನು ಒಬ್ಬಳೇ ಮನೆಯಲ್ಲಿ ಬಿಡುವ ಹಾಗಿಲ್ಲ. ಅದಕ್ಕೇ ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋಗಿ ಸೆಂಟರಿನಲ್ಲಿ ಬಿಡುತ್ತೇನೆ. ಇವಳಂಥ ವಯಸ್ಸಾದವರನ್ನು ಹಗಲು ನೋಡಿಕೊಳ್ಳುವ ಜಾಗ ಅದು. ಸಂಜೆ ಅಂಗಡಿ ಬಿಟ್ಟ ಮೇಲೆ ಕರೆತರುತ್ತೇನೆ. ಕೆಳಗಿನ ಮಹಡಿ ಹಗಲಿಗೆ ಬಂದು ಹೋಗುವವರದು. ಅಲ್ಲಿ ರೇಡಿಯೋ ಇದೆ, ಕಿಟಕಿಯಲ್ಲಿ ಬಿಸಿಲು ಬರುತ್ತದೆ, ಮಧ್ಯಾಹ್ನ ಚೆಂಡು ಎಸೆಯುವ ಆಟ ಆಡಿಸುತ್ತಾರೆ. ಮೇಲಿನ ಮಹಡಿ ಅಲ್ಲೇ ಇರುವವರದು. ಒಮ್ಮೆ ಹತ್ತಿ ನೋಡಿದ್ದೆ. ಸಾಲಾಗಿ ಹಾಸಿಗೆಗಳು, ತೆರೆಯಲು ಬಾರದ ಕಿಟಕಿಗಳು, ಒಬ್ಬ ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದ್ದ. ಅಲ್ಲಿಗೆ ಹತ್ತಿದವರು ಇಳಿದದ್ದನ್ನು ನಾನು ಕಂಡಿಲ್ಲ. ಅಮ್ಮನನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಆವತ್ತು ಮೆಟ್ಟಿಲು ಇಳಿಯುತ್ತಾ ನನಗೆ ನಾನೇ ಮಾತು ಕೊಟ್ಟುಕೊಂಡೆ.

ಕಾರು ಹಳೆಯದು. ಅಮ್ಮ ಕೂರುವುದು ಯಾವಾಗಲೂ ಹಿಂದಿನ ಸೀಟಿನಲ್ಲಿ, ತಪಾಸಣೆಗೆ ಹೊರಟ ಅಧಿಕಾರಿಯ ಗತ್ತಿನಲ್ಲಿ. ಹತ್ತುವಾಗ ತಾನೇ ಹತ್ತುತ್ತಾಳೆ. ಇಳಿಯಲು ಮಾತ್ರ ಮಂಡಿ ಬಿಡುವುದಿಲ್ಲ, ಒಬ್ಬರು ಹಿಡಿದು ಎಬ್ಬಿಸಬೇಕು. ಚಳಿಗಾಲ ಶುರುವಾದಾಗ ಸೀಟು ತಣ್ಣಗೆ ಕೊರೆಯುತ್ತದೆ ಎಂದು ಗೊಣಗಿದಳು. ಅಂಗಡಿಯಲ್ಲಿ ಒಂದು ಬಟ್ಟೆ ಮಿಕ್ಕಿತ್ತು. ನೈಲಾನಿನದು, ಮೇಲೆಲ್ಲ ರೋಮ ರೋಮ, ಕೈಯಾಡಿಸಿದರೆ ಬೆಕ್ಕನ್ನು ಸವರಿದ ಹಾಗಿರುತ್ತದೆ. ಬೆಕ್ಕಿನ ಬಟ್ಟೆ ಎಂದೇ ನಾವು ಕರೆಯುವುದು. ಒಂದು ಭಾನುವಾರ ಕೂತು ಅದರಲ್ಲಿ ಸೀಟಿಗೆ ಕವರ್ ಹೊಲಿದೆ. ಅಂಚಿಗೆ ಎರಡೆರಡು ಹೊಲಿಗೆ ಹಾಕಿದೆ. ಅಮ್ಮ ಕೂತು, ಎರಡೂ ಕೈಯಿಂದ ಸೀಟು ಸವರಿ, "ಬೆಚ್ಚಗಿದೆ" ಅಂದಳು. ನಾನು ಆ ದಿನವೆಲ್ಲ ಉಬ್ಬಿಹೋಗಿದ್ದೆ.

ಮಾರನೇ ದಿನ ಸೆಂಟರಿನ ಮುಂದೆ ಅವಳನ್ನು ಇಳಿಸುವಾಗ, ಬೆರಳಿಗೆ ಬೆರಳು ತಾಗುವ ಮೊದಲೇ ಚಟ್ ಎಂದಿತು. ಅಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಕಚ್ತು" ಅಂದಳು.

"ಕರೆಂಟು ಕಣಮ್ಮ, ಚಳಿಗೆ ಹಾಗಾಗತ್ತೆ" ಅಂದು ನಕ್ಕೆ. ಅಮ್ಮನೂ ನಕ್ಕಳು. ಸಂಜೆ ಮನೆಯ ಮುಂದೆ ಮತ್ತೆ ಚಟ್. ಮರುದಿನವೂ ಹಾಗೇ. ಗಾಳಿ ಒಣಗಿ ತುಟಿಯೆಲ್ಲ ಬಿರಿಯುತ್ತಿದ್ದ ದಿನಗಳು ಅವು. ದಿನಾ ಬೆಳಿಗ್ಗೆ ಶಾಕ್ ಹೊಡೆಸಿಕೊಳ್ಳುತ್ತಿದ್ದಳು, ಒಳಗೆ ಹೋಗಿ ಟೀ ಕುಡಿಯುವಷ್ಟರಲ್ಲಿ ಮರೆತಿರುತ್ತಿದ್ದಳು. ಸಂಜೆ ಕೇಳಿದರೆ ಏನೂ ಗೊತ್ತಿಲ್ಲ. ಮರೆಯುತ್ತಾಳಲ್ಲ, ಹೋಗಲಿ ಬಿಡು ಎಂದು ನಾನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಅವಳ ಮರೆವಿನಿಂದ ನನಗಾದ ಲಾಭ ಅದೊಂದೇ ಅಂದುಕೊಂಡಿದ್ದೆ.

ಹೀಗೇ ಒಂದು ಬೆಳಿಗ್ಗೆ ಬಾಗಿಲು ತೆರೆದು ಕೈ ಚಾಚಿದರೆ ಅಮ್ಮ ಕೈ ಕೊಡಲಿಲ್ಲ. ಎರಡೂ ಕೈ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು.

"ಏನಾಯ್ತಮ್ಮ?"

"ಏನೂ ಆಗಿಲ್ಲ."

"ಮತ್ತೆ ಕೈ ಕೊಡು. ಇಳಿಯೋಣ."

"ಬೇಡ."

"ಯಾಕೆ ಬೇಡ?"

ಅಮ್ಮ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಕಾರಣ ಹುಡುಕುತ್ತಿದ್ದಳು. ಸಿಗಲಿಲ್ಲ. "ಗೊತ್ತಿಲ್ಲ" ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀವು ಬೇಡ" ಅಂದಳು.

ಹಿಂದೆ ಒಂದು ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಅಂಗಡಿಗೆ ಹೊತ್ತಾಗುತ್ತಿತ್ತು. ಇದೆಲ್ಲ ಸಬೂಬು, ನನಗೆ ಸಿಟ್ಟು ಬಂತು ಅಷ್ಟೆ. ಮುಂಗೈ ಹಿಡಿದು ಎಳೆದೆ. ಚಟ್ ಎಂದಿತು, ಅಲ್ಲಿಯವರೆಗೆ ಆದದ್ದಕ್ಕಿಂತ ಜೋರಾಗಿ. ಅಮ್ಮ ಕೂಗಿಕೊಂಡಳು. ಸೆಂಟರಿನ ಒಳಗಿನಿಂದ ಉದ್ದ ನರ್ಸ್ ಓಡಿ ಬಂದಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹುಡುಗಿ, ಅದಕ್ಕೇ ಎಲ್ಲರೂ ಹಾಗೆ ಕರೆಯುವುದು. ಅವಳು ಬಗ್ಗಿ ಕಾರಿನ ಬಾಗಿಲು ಹಿಡಿದು, "ಬನ್ನಿ ಅಜ್ಜಿ" ಎಂದು ಕೈ ನೀಡಿದಳು. ಅಮ್ಮ ಸರಾಗವಾಗಿ ಹಿಡಿದುಕೊಂಡು ಇಳಿದು ಒಳಗೆ ನಡೆದಳು. ತಿರುಗಿ ನೋಡಲಿಲ್ಲ.

ಆವತ್ತಿನಿಂದ ಅದು ಕಾರಿನಲ್ಲಿ ನಿಲ್ಲಲಿಲ್ಲ, ಮನೆಯೊಳಗೂ ಬಂತು. ಸ್ವೆಟರಿನ ಗುಂಡಿ ಹಾಕಲು ಹೋದರೆ ಹಿಂದೆ ಸರಿಯುತ್ತಿದ್ದಳು. ತಲೆ ಬಾಚಲು ಕೂತರೆ ಪ್ಲಾಸ್ಟಿಕ್ ಬಾಚಣಿಗೆಗೆ ಕೂದಲು ಚಟಪಟ ಅನ್ನುತ್ತಿತ್ತು, ಅವಳು ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಮರದ ಬಾಚಣಿಗೆ ತಂದೆ, ಸದ್ದು ನಿಂತಿತು, ಅವಳು ಮಾತ್ರ ಹತ್ತಿರ ಬರಲಿಲ್ಲ. ಸ್ನಾನ ಮಾಡಿಸುವುದಂತೂ ಯುದ್ಧ. ಜಡೆ ಸಿಕ್ಕುಗಟ್ಟಿತು. ನನ್ನನ್ನು ಕಂಡರೆ ಕೈ ಕಂಕುಳಿಗೆ ಹೋಗುತ್ತಿತ್ತು. ಹಾಗೆ ಮಾಡುತ್ತಿದ್ದೇನೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲವೇನೋ, ಬಾಯಲ್ಲಿ ಮಾತ್ರ "ಕೂತ್ಕೊಳಿ, ಟೀ ಆಯ್ತಾ?" ಎಂದು ಮರ್ಯಾದೆಯಾಗಿಯೇ ಕೇಳುತ್ತಿದ್ದಳು. ನನಗೆ ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಸೆಂಟರಿನ ಮೇಡಂ ನನ್ನನ್ನು ಒಳಗೆ ಕರೆದು ಕೂರಿಸಿದರು. ಒಳ್ಳೆಯ ಹೆಂಗಸು, ಆದರೆ ಒಳ್ಳೆಯತನದಲ್ಲೇ ಎಲ್ಲವನ್ನೂ ಹೇಳಿಬಿಡುತ್ತಾರೆ.

"ದಿನಾ ಒಬ್ಬ ನರ್ಸನ್ನ ರಸ್ತೆಗೆ ಕಳಿಸಿದ್ರೆ ಒಳಗಿರೋರನ್ನ ಯಾರು ನೋಡ್ಕೊಳ್ಳೋದು, ಹೇಳಿ. ಮನೇಲೂ ನಿಮ್ಮ ಹತ್ರ ಮುಟ್ಟಿಸ್ಕೊಳಲ್ಲ ಅಂತೀರಿ. ಸ್ನಾನ ಇಲ್ಲ, ತಲೆ ಬಾಚಿಲ್ಲ. ಮೇಲಿನ ಮಹಡಿ ಬಗ್ಗೆ ಯೋಚನೆ ಮಾಡಿ."

"ಸರಿಹೋಗ್ತಾಳೆ ಮೇಡಂ. ಸ್ವಲ್ಪ ದಿನ ಕೊಡಿ."

"ನಿಮ್ಮ ಅಣ್ಣನಿಗೂ ಹೇಳಿದ್ದೀನಿ" ಅಂದರು.

ಅಣ್ಣನ ಫೋನು ನಾನು ಅಂಗಡಿ ತಲುಪುವ ಮೊದಲೇ ಬಂತು. "ಮೇಲೆ ಹಾಕಿಬಿಡೋಣ ಕಣೆ. ನಿನಗೂ ಸ್ವಲ್ಪ ಆರಾಮ."

"ಅಮ್ಮ ಏನು ಹಳೇ ಸೂಟ್‌ಕೇಸಾ, ಮೇಲೆ ಹಾಕೋಕೆ?"

"ನೋಡು, ಶುರುಮಾಡಿದೆ. ನಿನ್ನ ಜೊತೆ ಮಾತೇ ಆಡಂಗಿಲ್ಲ. ಭಾನುವಾರ ಬರ್ತೀನಿ, ಕಣ್ಣಾರೆ ನೋಡ್ತೀನಿ. ಅಮ್ಮ ನಿನ್ನ ಕೈ ಹಿಡಿದ್ರೆ ಮನೇಲೇ ಇರಲಿ. ಇಲ್ಲ ಅಂದ್ರೆ ನಾನು ಹೇಳಿದ ಹಾಗೆ."

ಫೋನ್ ಕುಕ್ಕಿದೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಮೈಯೆಲ್ಲ ಉರಿಯಿತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಒಣ ಚಳಿಯಲ್ಲಿ ಬೆಕ್ಕಿನ ಬಟ್ಟೆಯ ಸುರುಳಿ ಬಿಚ್ಚಿದವರು ಬೇರೆ ಯಾರಿಗಾದರೂ ಏನಾದರೂ ಕೊಡುವ ಮೊದಲು ಕೈಯಲ್ಲಿರುವ ಕತ್ತರಿಯನ್ನು ಮೇಜಿನ ಕಬ್ಬಿಣದ ಕಾಲಿಗೆ ತಾಗಿಸಬೇಕು. ಬಟ್ಟೆ ಉಜ್ಜಿ ಉಜ್ಜಿ ಮೈಗೆ ಏರಿದ ಕರೆಂಟು ಕತ್ತರಿಯಿಂದ ಕಬ್ಬಿಣಕ್ಕೆ ಹಾರಿಹೋಗುತ್ತದೆ, ಚರ್ಮಕ್ಕೆ ನೋವಾಗುವುದಿಲ್ಲ. ಮರೆತು ಯಾರಿಗಾದರೂ ಶಾಕ್ ಕೊಟ್ಟರೆ ಅವರಿಗೆ ಟೀ ಕೊಡಿಸಬೇಕು. ಹೊಸಬರಿಗೆ ಹೊಲಿಗೆ ಕಲಿಸುವ ಮೊದಲು ಇದನ್ನು ಕಲಿಸುತ್ತೇವೆ. ನನಗಂತೂ ಕೈ ತಾನಾಗಿ ಹೋಗುತ್ತದೆ, ಯೋಚಿಸುವುದೇ ಇಲ್ಲ.

ಅಣ್ಣನ ಮೇಲಿನ ಸಿಟ್ಟಿನಲ್ಲಿ ಆವತ್ತು ಸುರುಳಿಯನ್ನು ಪರಪರ ಎಳೆದೆ, ಕತ್ತರಿ ಕಾಲಿಗೆ ತಾಗಿಸಿದೆ, ಟಿಕ್ ಎಂದಿತು. ತಾಗಿಸಿದ ಕೈ ಅಲ್ಲೇ ನಿಂತಿತು. ಎದುರಿಗೆ ಹರಡಿಕೊಂಡಿದ್ದದ್ದು ಅದೇ ಬಟ್ಟೆ. ಅದೇ ಬಣ್ಣ. ಇಲ್ಲಿ ದಿನಕ್ಕೆ ನೂರು ಸಲ ಹುಷಾರಾಗಿರುವವಳು ಅದನ್ನೇ ಕೊಂಡೊಯ್ದು ಅಮ್ಮನ ಅಡಿಗೆ ಹಾಸಿದ್ದೆ, ಅಂಚಿಗೆ ಎರಡೆರಡು ಹೊಲಿಗೆ ಬೇರೆ. ಬೇರೆಯವರಿಗೆ ಶಾಕ್ ಕೊಟ್ಟರೆ ಟೀ, ಅಮ್ಮನಿಗಾದರೆ ಮರೆಯುತ್ತಾಳಲ್ಲ ಬಿಡು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

"ಏನಮ್ಮ, ಹುಷಾರಿಲ್ವಾ?" ಎಂದು ಕಟಿಂಗ್ ಮಾಸ್ಟರು ಕೇಳಿದರು.

"ನನ್ನ ತಲೆಯೊಳಗೆ ಇರೋದು ಮಣ್ಣು ಮಾಸ್ಟ್ರೇ" ಅಂದೆ. ಅವರು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಗೀಟು ಎಳೆಯುವ ಕೆಲಸ ಮುಂದುವರಿಸಿದರು.

ಊಟದ ಹೊತ್ತಿಗೆ ಕಾರಿಗೆ ಹೋಗಿ ಬ್ಲೇಡಿನಿಂದ ಕವರ್ ಹರಿದು ಕಸದ ತೊಟ್ಟಿಗೆ ತುರುಕಿದೆ. ಸೀಟಿನ ಮೇಲೆ ಹತ್ತಿಯ ಹಳೆ ಚಾದರ ಹಾಸಿ ನೀರು ಚಿಮುಕಿಸಿದೆ. ಆಮೇಲೆ ನಾನೇ ಅಮ್ಮನ ಜಾಗದಲ್ಲಿ ಕೂತು, ಇಳಿದು, ಮತ್ತೆ ಕೂತು, ಇಳಿದು ನೋಡಿದೆ. ಬೀದಿಯಲ್ಲಿ ಹೋಗುವವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಕಾಲು ನೆಲಕ್ಕೆ ಇಡುವ ಮೊದಲೇ ಬಾಗಿಲ ಚೌಕಟ್ಟಿನ ಬರಿಯ ಲೋಹ ಹಿಡಿದು, ಪೂರ್ತಿ ಎದ್ದು ನಿಲ್ಲುವವರೆಗೂ ಬಿಡದಿದ್ದರೆ ಏನೂ ಆಗುತ್ತಿರಲಿಲ್ಲ. ಇಳಿದ ಮೇಲೆ ಮುಟ್ಟಿದರೆ ಸಣ್ಣಗೆ ಹೊಡೆಯುತ್ತಿತ್ತು. ಕೀ ಹಿಡಿದು ಅದರ ತುದಿಯಿಂದ ಮುಟ್ಟಿದರೆ ಟಿಕ್ ಅನ್ನುತ್ತಿತ್ತು, ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಮ್ಮನಿಗೆ ಚೌಕಟ್ಟು ಹಿಡಿ ಎಂದು ಕಲಿಸಲಾಗದು. ಆದರೆ ಕೀ ಕೊಟ್ಟರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಅವಳ ಚೀಲದಿಂದ ಗೊಂಚಲು ತೆಗೆದು ತೊಡೆಯ ಮೇಲಿಟ್ಟೆ.

"ಅಮ್ಮ, ಬೀಗ ಸರಿಯಾಗಿ ಬಿದ್ದಿದೆಯಾ ನೋಡು."

ಅಮ್ಮ ಚುರುಕಾದಳು. ಗೊಂಚಲಿನಿಂದ ಒಂದು ಕೀ ಆರಿಸಿ, ಮುಂದೆ ಬಾಗಿ, ಚೌಕಟ್ಟಿನ ಲೋಹದ ಕೊಂಡಿಗೆ ತಾಗಿಸಿದಳು. ಟಿಕ್. "ಬಿದ್ದಿದೆ" ಅಂದಳು ಖಡಕ್ಕಾಗಿ. ಶಾಕ್ ಹೋಗಿತ್ತು. ನಾನು ಅಲ್ಲೇ ಕುಣಿದಾಡುವುದೊಂದು ಬಾಕಿ. ಕೈ ಚಾಚಿದೆ.

ಅಮ್ಮ ನನ್ನ ಕೈ ನೋಡಿದಳು. ಕೀ ಗೊಂಚಲನ್ನು ಎದೆಗೆ ಒತ್ತಿಕೊಂಡು, ಕೈ ಎರಡನ್ನೂ ಕಂಕುಳಿಗೆ ಸೇರಿಸಿದಳು. ಅರ್ಧ ಗಂಟೆ ಚಳಿಯಲ್ಲಿ ನಿಂತೆ. ಕೊನೆಗೆ ಪಕ್ಕದ ಮನೆಯ ಹೆಂಗಸು ಬಂದು ಇಳಿಸಿದಳು.

ಮರುದಿನ ಉದ್ದ ನರ್ಸಿಗೆ ಎಲ್ಲವನ್ನೂ ಹೇಳಿದೆ. "ಈಗ ಶಾಕ್ ಇಲ್ಲ ಕಣೆ. ಕವರ್ ಕಿತ್ತು ಬಿಸಾಕಿದ್ದೀನಿ. ಆದರೂ ಯಾಕೆ?"

"ಅಕ್ಕ, ಏನಾಯ್ತು ಅನ್ನೋದನ್ನ ಅವರು ಮರೀತಾರೆ. ಹೆದರಿಕೆ ಹಾಗೇ ಉಳ್ಕೊಳುತ್ತೆ. ಇನ್ನೊಬ್ಬ ಅಜ್ಜ ಇದ್ದಾರೆ, ಯಾವಾಗಲೋ ಜಾರಿ ಬಿದ್ದ ಬಾಗಿಲ ಹತ್ರ ಈಗಲೂ ಹೋಗಲ್ಲ. ಬಿದ್ದದ್ದು ನೆನಪಿಲ್ಲ."

"ಹೋಗತ್ತಾ ಅದು?"

"ನಿಮ್ಮ ಮುಖಕ್ಕೆ ಅಂಟಿಕೊಂಡಿದೆ ಅಕ್ಕ" ಅಂದಳು. ಪಾಪ, ಹೇಳುವಾಗ ಅವಳ ಕಣ್ಣೂ ತುಂಬಿತ್ತು. ನನಗೆ ಅವಳ ಕೆನ್ನೆಗೆ ಒಂದು ಬಿಗಿಯಬೇಕು ಅನ್ನಿಸಿತು. ಇಷ್ಟು ವರ್ಷ ನನ್ನ ಮುಖ, ಹೆಸರು, ಅಡುಗೆ, ಜಗಳ ಯಾವುದನ್ನೂ ಇಟ್ಟುಕೊಳ್ಳದ ತಲೆ, ಇದೊಂದನ್ನು ಭದ್ರವಾಗಿ ಇಟ್ಟುಕೊಂಡಿತ್ತು.

ಭಾನುವಾರ ಅಣ್ಣ ಬಂದ. ದಪ್ಪನೆಯ ಕಪ್ಪು ಕೋಟು, ಉಣ್ಣೆಯ ಟೋಪಿ. ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರು ಬೇಕಾಗಿತ್ತು?" ಎಂದು ಕೇಳಿದಳು. ಅವನು ನಕ್ಕು ಕೈ ಚಾಚಿದ. ಅವಳು ಹಿಡಿದುಕೊಂಡಳು. ಹಿಡಿದು ಹೆಬ್ಬೆರಳಿನಿಂದ ಅವನ ಗೆಣ್ಣುಗಳನ್ನು ಸವರಿದಳು. ವರ್ಷಕ್ಕೊಮ್ಮೆ ಬರುವವನ ಗೆಣ್ಣು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸುಮ್ಮಸುಮ್ಮನೆ ತೊಳೆದೆ.

"ಬಾ, ನೀನೂ ಕೊಡು ಕೈ" ಎಂದು ಕರೆದ. ಬಂದು ಕೊಟ್ಟೆ. ಅಮ್ಮನ ಕೈ ಎಲ್ಲಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ. ಅಣ್ಣ ನನ್ನ ಕಡೆ ನೋಡಲಿಲ್ಲ. ಅವನಿಗೂ ಗೆದ್ದ ಖುಷಿ ಇರಲಿಲ್ಲ, ಅಷ್ಟು ಒಳ್ಳೆಯದು ಹೇಳಬೇಕು.

"ಮುಂದಿನ ಭಾನುವಾರ ಮೇಲೆ ಒಂದು ಹಾಸಿಗೆ ಖಾಲಿ ಆಗುತ್ತಂತೆ. ನಾನೇ ಬಂದು ಸೇರಿಸ್ತೀನಿ. ನೀನು ಬರಬೇಡ, ನೋಡಕ್ಕಾಗಲ್ಲ ನಿನಗೆ."

ನನ್ನ ಬಾಯಿ ಕಟ್ಟಿಹೋದದ್ದನ್ನು ಅವನು ಅದೇ ಮೊದಲು ನೋಡಿದ್ದು. ಮಧ್ಯಾಹ್ನ ಬಿಸಿಲು ಬಂದಿತ್ತು. ಕೋಟು ಭಾರ, ಮುಂದಿನ ವಾರ ಬರುತ್ತೇನಲ್ಲ ಎಂದು ಟೋಪಿಯ ಸಮೇತ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಹೋದ.

ಮರುದಿನ ಬೆಳಿಗ್ಗೆ ಮಂಜು ಇಳಿದಿತ್ತು. ನನ್ನ ಜಾಕೆಟ್ಟಿನ ಜಿಪ್ ಕಿತ್ತುಹೋಗಿತ್ತು. ಊರವರ ಸೋಫಾಗೆಲ್ಲ ಜಿಪ್ ಹಾಕುವವಳಿಗೆ ತನ್ನದನ್ನು ಹಾಕಿಕೊಳ್ಳಲು ಪುರುಸೊತ್ತಿಲ್ಲ. ಅಣ್ಣನ ಕೋಟನ್ನೇ ತೊಟ್ಟೆ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬಾಯಿಗೆ ಮಫ್ಲರ್ ಸುತ್ತಿಕೊಂಡು ಹೊರಗೆ ಹೋಗಿ ಕಾರಿನ ಗಾಜು ಒರೆಸುತ್ತಿದ್ದೆ. ನೆಗಡಿಯಿಂದ ಗಂಟಲು ಕಟ್ಟಿತ್ತು. ಅಮ್ಮ ಚೀಲ ಹಿಡಿದು ತಾನೇ ಮೆಟ್ಟಿಲು ಇಳಿದು ಬಂದಳು. ಗೋಡೆ ಹಿಡಿದು, ಬಾಗಿಲು ಹಿಡಿದು, ಹಿಂದೆ ಹತ್ತಿ ಕೂತಳು.

"ನಡಿಯಪ್ಪಾ" ಅಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ನೋಡಿದೆ. ಅಮ್ಮ ಕಾಲು ನೀಡಿ ಆರಾಮಾಗಿ ಕೂತಿದ್ದಳು. ಕೈ ತೊಡೆಯ ಮೇಲಿತ್ತು, ಕಂಕುಳಲ್ಲಿ ಇರಲಿಲ್ಲ.

"ಹೊಸಬನಾ ನೀನು?"

"ಹೂಂ ಅಮ್ಮ" ಅಂದೆ. ಡ್ರೈವರುಗಳೂ ವಯಸ್ಸಾದವರನ್ನು ಅಮ್ಮ ಎಂದೇ ಕರೆಯುತ್ತಾರೆ. ನನಗೆ ಅದೊಂದು ಉಳಿಯಿತು.

"ನಿಧಾನಕ್ಕೆ ಓಡಿಸು. ಅವಳು ಸಿಟ್ಟಲ್ಲಿ ಓಡಿಸ್ತಾಳೆ."

"ಯಾರಮ್ಮ?"

"ಅದೇ, ಒಬ್ಳು ಬರ್ತಾಳಲ್ಲ. ನಮ್ಮನೇಲೇ ಇರ್ತಾಳೆ." ಅಮ್ಮ ಮುಂದೆ ಬಾಗಿ ದನಿ ತಗ್ಗಿಸಿದಳು. "ಮುಟ್ಟಿದ್ರೆ ಚುಚ್ತಾಳೆ ಕಣಪ್ಪ. ಕೈಯಲ್ಲಿ ಏನೋ ಇಟ್ಕೊಂಡಿದ್ದಾಳೆ. ನಾನು ಯಾರಿಗೂ ಹೇಳಿಲ್ಲ."

ಸಿಗ್ನಲಿನಲ್ಲಿ ಕೆಂಪು ದೀಪ ಇತ್ತು. ಹಸಿರಾದದ್ದು ನನಗೆ ಕಾಣಲಿಲ್ಲ, ಹಿಂದಿನವರು ಹಾರ್ನ್ ಹೊಡೆದಾಗ ಗೊತ್ತಾಯಿತು.

"ಬೇಕಂತ ಚುಚ್ಚಲ್ಲ ಅಮ್ಮ, ಅವರು" ಅಂದೆ.

"ನಿನಗೇನು ಗೊತ್ತು. ನಿನ್ನನ್ನ ಚುಚ್ಚಿದ್ದಾಳಾ?" ಅಮ್ಮ ಹಿಂದಕ್ಕೆ ಒರಗಿದಳು. "ಇರಲಿ. ನನ್ನ ಮಗಳು ಬರಲಿ. ಅವಳೊಬ್ಳು ಇದ್ದಾಳೆ, ಮೆಣಸಿನಕಾಯಿ. ಅವಳು ಬಂದ್ರೆ ಇವಳನ್ನ ಒಂದು ನಿಮಿಷ ನಿಲ್ಲಿಸಿಕೊಳಲ್ಲ. ಕುತ್ತಿಗೆ ಹಿಡಿದು ಆಚೆಗೆ ದಬ್ತಾಳೆ."

ನಾನು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು. ತಿರುಗಿ, ನಾನೇ ಅಮ್ಮ, ನಾನೇ ನಿನ್ನ ಮೆಣಸಿನಕಾಯಿ ಎಂದು ಹೇಳಿ ಟೋಪಿ ಕಿತ್ತು ಎಸೆಯಬೇಕು ಎಂದು ಕೈ ತಲೆಯವರೆಗೂ ಹೋಗಿತ್ತು. ಕನ್ನಡಿಯಲ್ಲಿ ಅಮ್ಮನ ಕೈ ಕಾಣುತ್ತಿತ್ತು. ತೊಡೆಯ ಮೇಲೆ ಹಾಯಾಗಿ ಮಲಗಿತ್ತು ಅದು. ನಾನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

"ಎಲ್ಲಿದ್ದಾರಮ್ಮ ನಿಮ್ಮ ಮಗಳು?"

"ಕೆಲಸಕ್ಕೆ ಹೋಗಿದ್ದಾಳೆ. ಬಟ್ಟೆ ಹೊಲೀತಾಳೆ. ಬೆರಳೆಲ್ಲ ಸೂಜಿ ಚುಚ್ಚಿ ಒರಟಾಗಿದೆ, ಪಾಪ. ನೀನು ಕಂಡ್ರೆ ಹೇಳು, ಅಮ್ಮ ಕಾಯ್ತಿದ್ದಾಳೆ ಅಂತ."

"ಹೇಳ್ತೀನಿ."

ಸೆಂಟರಿನ ಮುಂದೆ ಇಳಿದು ಹಿಂದಿನ ಬಾಗಿಲು ತೆರೆದೆ. "ಬೀಗ ನೋಡಿ ಅಮ್ಮ" ಎಂದೆ. ಅವಳು ಕೀ ಆರಿಸಿ ಚೌಕಟ್ಟಿಗೆ ತಾಗಿಸಿದಳು, ಟಿಕ್, ಬಿದ್ದಿದೆ ಅಂದಳು. ಆಮೇಲೆ ನಾನು ಕೇಳುವ ಮೊದಲೇ ಕೈ ಚಾಚಿದಳು. ಹಿಡಿದೆ. ಬೆಚ್ಚಗಿತ್ತು. ಅವಳು ಎದ್ದು ನಿಂತು, ಎರಡು ಹೆಜ್ಜೆ ನಡೆದು, ಹೆಬ್ಬೆರಳಿನಿಂದ ನನ್ನ ಗೆಣ್ಣುಗಳನ್ನು ಸವರಲು ಶುರುಮಾಡಿದಳು. ಒರಟಾಗಿವೆ ಎಂದು ಗೊತ್ತಾಗಬಹುದೇನೋ ಎಂದು ಉಸಿರು ಹಿಡಿದೆ. ಗೊತ್ತಾಗಲಿಲ್ಲ. ಗೊತ್ತಾಗದಿದ್ದದ್ದಕ್ಕೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಬಾಗಿಲಲ್ಲಿ ನಿಂತಿದ್ದ ಉದ್ದ ನರ್ಸ್ ಬಾಯಿ ತೆರೆದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಅಣ್ಣ ಫೋನ್ ಮಾಡಿದ. "ಆ ಕೋಟು ಯಾರ ಕೈಲಾದ್ರೂ ಕಳಿಸ್ತೀಯಾ? ಇಲ್ಲಿ ಚಳಿ ಜಾಸ್ತಿ ಆಗಿದೆ."

"ಕೊಡಲ್ಲ."

"ಅಂದ್ರೆ?"

"ಕೊಡಲ್ಲ ಅಂದ್ರೆ ಕೊಡಲ್ಲ. ಹಾಸಿಗೇನೂ ಬೇಡ ಅಂತ ಮೇಡಂಗೆ ಹೇಳು. ಅಮ್ಮ ಕೈ ಹಿಡೀತಾಳೆ."

"ನಿನ್ನ ಕೈ?"

ನಾನು ಕತ್ತರಿಯನ್ನು ಮೇಜಿನ ಕಾಲಿಗೆ ತಾಗಿಸಿದೆ. ಆಮೇಲೆ ಹೂಂ ಅಂದೆ.

ಸಂಜೆ ಮನೆಗೆ ಬಂದ ಮೇಲೆ ಕೋಟು ಬಿಚ್ಚಲಿಲ್ಲ. ಟೀ ಕಾಯಿಸಿದ್ದು ಕೋಟಿನಲ್ಲೇ, ಬ್ರೆಡ್ಡು ಬಿಸಿಮಾಡಿದ್ದು ಟೋಪಿಯಲ್ಲೇ. ಒಲೆಯ ಮುಂದೆ ಬೆವರು ಇಳಿಯುತ್ತಿತ್ತು. ಅಂಗಡಿಯ ಪದ್ಧತಿಯ ಪ್ರಕಾರ ನಾನು ಕೊಡಬೇಕಾದ ಟೀ ಇನ್ನೂ ಬಹಳ ಇತ್ತು. ಅಮ್ಮ ಕುರ್ಚಿಯಲ್ಲಿ ಕೂತು ಲೋಟ ತೆಗೆದುಕೊಂಡಳು, ತೆಗೆದುಕೊಳ್ಳುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು, ಹಿಂದೆ ಹೋಗಲಿಲ್ಲ. ಸುತ್ತ ನೋಡಿದಳು. ಅಡುಗೆಮನೆ, ರೂಮಿನ ಬಾಗಿಲು, ಬಚ್ಚಲ ಕಡೆ.

"ಅವಳಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಯಾರು?"

"ಚುಚ್ಚೋಳು."

"ಹೋದಳಮ್ಮ."

"ಮತ್ತೆ ಬರ್ತಾಳಾ?"

ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. "ಇಲ್ಲ ಅಮ್ಮ. ಇನ್ನು ಬರಲ್ಲ."

ಅಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಅಷ್ಟು ದಿನ ಅವಳ ಹೆಗಲು ಬಿಗಿದುಕೊಂಡಿತ್ತು ಎನ್ನುವುದು ಅದು ಸಡಿಲವಾದಾಗಲೇ ನನಗೆ ಗೊತ್ತಾದದ್ದು. ಟೀ ಮುಗಿಸಿ, ಸಿಕ್ಕುಗಟ್ಟಿದ ಜಡೆಯನ್ನು ಮುಂದಕ್ಕೆ ಎಳೆದು ನೋಡಿ, ನಾಚಿಕೊಂಡು ಮರದ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ತುದಿಯಿಂದ ಶುರುಮಾಡಿ ಒಂದೊಂದೇ ಗಂಟು ಬಿಡಿಸಿದೆ. ಅವಳು ತಲೆಯನ್ನು ನನ್ನ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿದಳು.

"ಕೈ ಚೆನ್ನಾಗಿದೆ ಕಣಪ್ಪ ನಿಂದು. ತಾಯಿ ಇದ್ದಾಳಾ ನಿನಗೆ?"

"ಇದ್ದಾಳೆ."

"ಚೆನ್ನಾಗಿ ನೋಡ್ಕೊ." ಕಣ್ಣು ತೆರೆದು ಕಿಟಕಿಯ ಕಡೆ ನೋಡಿ, "ನನ್ನ ಮಗಳು ಯಾಕೋ ಇನ್ನೂ ಬರಲಿಲ್ಲ" ಅಂದಳು. "ಕತ್ತಲಾಗ್ತಾ ಬಂತು. ಅವಳು ಬರೋವರೆಗೂ ಇರ್ತೀಯಾ?"

"ಇರ್ತೀನಿ ಅಮ್ಮ."

ಬಾಚಣಿಗೆಯಲ್ಲಿ ಸಿಕ್ಕ ಬಿಳಿ ಕೂದಲನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ. ಕೂದಲನ್ನು ಮೂರು ಭಾಗ ಮಾಡಿ ಜಡೆ ಹೆಣೆಯಲು ಶುರುಮಾಡಿದೆ.